ಧಾರವಾಡದ ಗಾಳಿಯ ವಕ್ರೀಭವನ ಸೂಚ್ಯಂಕ: ಗ್ರಾನೈಟ್ ತುಂಡು, ಲೇಸರ್, ಬಿಪಿ ಬಲ್ಬಿನಿಂದ ಅಳೆಯುವ ಕ್ರಮ

ಪಠ್ಯಪುಸ್ತಕಗಳಲ್ಲಿ ಗಾಳಿಯ ವಕ್ರೀಭವನ ಸೂಚ್ಯಂಕ (ನಿರ್ವಾತಕ್ಕೆ ಹೋಲಿಸಿದರೆ ಗಾಳಿಯಲ್ಲಿ ಬೆಳಕು ಎಷ್ಟು ಪಟ್ಟು ನಿಧಾನ ಎಂಬ ಅಂಕಿ) 1.000292 ಎಂದಿರುತ್ತದೆ. ಧಾರವಾಡದಲ್ಲಿ ಪ್ರಯೋಗ ಸರಿಯಾಗಿ ಮಾಡಿದರೆ ಬರುವುದು 1.00024ರ ಆಸುಪಾಸು. ಇಲ್ಲೇ ಬಹಳ ಹುಡುಗರು ಗಾಬರಿಯಾಗಿ, ಎಣಿಸಿದ ಫ್ರಿಂಜ್ (ಕಪ್ಪು-ಬೆಳಕಿನ ಪಟ್ಟಿ) ಸಂಖ್ಯೆಯನ್ನು ಹಿಂದೆಮುಂದೆ ಮಾಡಿ ಪುಸ್ತಕದ ಉತ್ತರಕ್ಕೆ ಕೂಡಿಸಿಬಿಡುತ್ತಾರೆ. ಪುಸ್ತಕದ ಅಂಕಿ 0 ಡಿಗ್ರಿ ಉಷ್ಣತೆ ಮತ್ತು 760 ಮಿ.ಮೀ. ಪಾದರಸದ ಒತ್ತಡದ್ದು. ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ 695 ಮಿ.ಮೀ. ಸುತ್ತಮುತ್ತ, ಪ್ರಯೋಗಾಲಯದ ಉಷ್ಣತೆ 28 ಡಿಗ್ರಿ. ಗಾಳಿ ತೆಳುವಾದಷ್ಟೂ ಸೂಚ್ಯಂಕ 1ರ ಹತ್ತಿರ ಸರಿಯುತ್ತದೆ.

ಅಳೆಯುವ ಸಾಧನ ಮೈಕೆಲ್ಸನ್ ಇಂಟರ್‌ಫೆರೋಮೀಟರ್. ಲೇಸರ್ ಕಿರಣವನ್ನು ಎರಡಾಗಿ ಸೀಳಿ, ಎರಡು ತೋಳುಗಳಲ್ಲಿ ಕಳಿಸಿ, ಕನ್ನಡಿಯಿಂದ ಹಿಂದಿರುಗಿಸಿ, ಮತ್ತೆ ಕೂಡಿಸಿದರೆ ಗೋಡೆಯ ಮೇಲೆ ಕಪ್ಪು-ಬೆಳಕಿನ ಪಟ್ಟಿಗಳು ಕಾಣುತ್ತವೆ. ಒಂದು ತೋಳಿನಲ್ಲಿ ಗಾಳಿ ತುಂಬಿದ ಕೊಳವೆಯಿಟ್ಟು ಅದರ ಒತ್ತಡ ಬದಲಿಸಿದರೆ ಪಟ್ಟಿಗಳು ಸರಿಯುತ್ತವೆ. ಎಷ್ಟು ಸರಿದವು ಎಂದು ಎಣಿಸುವುದೇ ಕೆಲಸ.

ಕಲ್ಲು ಮತ್ತು ಟ್ಯೂಬು

ಕನ್ನಡಿ 0.3 ಮೈಕ್ರಾನ್ ಜರುಗಿದರೆ ಸಾಕು, ಒಂದು ಫ್ರಿಂಜ್ ದಾಟಿಹೋಗುತ್ತದೆ. ತಲೆಗೂದಲಿನ ದಪ್ಪವೇ 50ರಿಂದ 100 ಮೈಕ್ರಾನ್. ಹಾಗಾಗಿ ಬುಡ ಗಟ್ಟಿಯಿಲ್ಲದೆ ಮೇಲಿನದೆಲ್ಲ ವ್ಯರ್ಥ. ಪ್ಲೈವುಡ್ ಬೇಡ, ಮಳೆಗಾಲದಲ್ಲಿ ತೇವ ಕುಡಿದು ಸೊಟ್ಟಗಾಗುತ್ತದೆ. ಗ್ರಾನೈಟ್ ಅಂಗಡಿಗೆ ಹೋಗಿ, ಅಡುಗೆಮನೆ ಕಟ್ಟೆಯಲ್ಲಿ ಸಿಂಕ್ ಕೂರಿಸಲು ಕೊರೆದು ತೆಗೆದ ತುಂಡು ಕೇಳಿ. ಅವರಿಗೆ ಅದು ಕಸ. 50 ಸೆಂ.ಮೀ. ಉದ್ದ, 40 ಅಗಲ, 18 ಮಿ.ಮೀ. ದಪ್ಪದ್ದು ಸಿಕ್ಕರೆ ಸುಮಾರು 10 ಕಿಲೋ ತೂಗುತ್ತದೆ. ಪಾಲಿಶ್ ಮಾಡಿದ ಮುಖ ಮೇಲಿರಲಿ.

1887ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ತಮ್ಮ ಕಲ್ಲನ್ನು ಪಾದರಸದ ಮೇಲೆ ತೇಲಿಸಿದ್ದರು. ನಮಗೆ 10 ಇಂಚಿನ ಸ್ಕೂಟರ್ ಗಾಲಿಯ ಹಳೆಯ ಟ್ಯೂಬು ಸಾಕು. ಗಾಳಿ ಕಡಿಮೆ ಹಾಕಿ: ಬೆರಳೊತ್ತಿದರೆ ರೊಟ್ಟಿಗೆ ನಾದಿದ ಹಿಟ್ಟಿನಂತೆ ತಗ್ಗಬೇಕು. ಟಣ್ ಎನ್ನುವಂತೆ ತುಂಬಿದರೆ ಟ್ಯೂಬು ಇದ್ದೂ ಇಲ್ಲದಂತೆ, ನೆಲದ ನಡುಕ ನೇರ ಕಲ್ಲಿಗೆ ಏರುತ್ತದೆ. ನೆಲಮಹಡಿಯ ಕೋಣೆ, ಅದರಲ್ಲೂ ಫರ್ಸಿ ಹಾಸಿದ ನೆಲದ ಮೇಲೆಯೇ ಇಡುವುದು ಎಲ್ಲಕ್ಕಿಂತ ಒಳ್ಳೆಯದು. ಪಿ.ಬಿ. (ಪುಣೆ-ಬೆಂಗಳೂರು) ರೋಡಿಗೆ ಹತ್ತಿದ ಕಟ್ಟಡವಾದರೆ ಹಗಲಿನಲ್ಲಿ ಬಸ್ಸು ಹೋದಾಗಲೆಲ್ಲ ಪಟ್ಟಿಗಳು ಕಲಸಿಹೋಗುತ್ತವೆ. ರಾತ್ರಿ 10ರ ನಂತರ ಕೂಡುವುದೇ ದಾರಿ.

ಲೇಸರ್

ಕಾಲೇಜಿನಲ್ಲಿ ಹೀಲಿಯಂ-ನಿಯಾನ್ ಲೇಸರ್ ಇದ್ದರೆ ಅದೇ ಇರಲಿ: ತರಂಗದೂರ 632.8 ನ್ಯಾನೋಮೀಟರ್, ಅನುಮಾನವೇ ಇಲ್ಲ. ಹಚ್ಚಿದ ಮೇಲೆ 20 ನಿಮಿಷ ಕಾಯಿಸಿ. ಅದರ ಕೊಳವೆ ಉದ್ದವಾದ್ದರಿಂದ ಕಲ್ಲಿನ ಹೊರಗೆ, ಅದೇ ಎತ್ತರದಲ್ಲಿ ಇಟ್ಟರೂ ನಡೆಯುತ್ತದೆ. ಲೇಸರ್ ಜರಾ ಅಲುಗಿದರೆ ಎರಡೂ ತೋಳಿಗೂ ಒಂದೇ ಅಲುಗಾಟ. ಫ್ರಿಂಜಿಗೆ ಬೇಕಾದದ್ದು ತೋಳುಗಳ ವ್ಯತ್ಯಾಸ ಮಾತ್ರ.

ಇಲ್ಲದಿದ್ದರೆ ಹುಬ್ಬಳ್ಳಿಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವ ಕೆಂಪು ಲೇಸರ್ ಡಯೋಡ್ ಮಾಡ್ಯೂಲ್. ಮೇಲೆ 650 ಎಂದು ಬರೆದಿದ್ದರೂ ಒಳಗೆ 640 ಇರಬಹುದು, 660 ಇರಬಹುದು. ಪ್ರಯೋಗಾಲಯದ, ಒತ್ತೊತ್ತಾಗಿ ಗೆರೆ ಕೊರೆದ ಗ್ರೇಟಿಂಗ್‌ನಿಂದ ಮೊದಲು ಅಳೆದುಕೊಳ್ಳಿ. ಇಂಚಿಗೆ 15,000 ಗೆರೆಗಳ ಗ್ರೇಟಿಂಗ್ ಆದರೆ, 650 ನ್ಯಾನೋಮೀಟರಿನ ಮೊದಲ ಚುಕ್ಕೆ 1 ಮೀಟರ್ ದೂರದ ಗೋಡೆಯ ಮೇಲೆ ನಡುಚುಕ್ಕೆಯಿಂದ 41.6 ಸೆಂ.ಮೀ. ಆಚೆ ಬೀಳಬೇಕು. ಎಡಕ್ಕೂ ಬಲಕ್ಕೂ ಅಳೆದು ಸರಾಸರಿ ತೆಗೆಯಿರಿ. ಡಯೋಡಿನ ಇನ್ನೊಂದು ತಕರಾರು: ಎರಡು ತೋಳುಗಳ ಉದ್ದ ಒಂದೆರಡು ಮಿ.ಮೀ.ಗಿಂತ ಹೆಚ್ಚು ಬೇರೆಯಾದರೆ ಪಟ್ಟಿಗಳು ಮಸುಕಾಗಿ ಮಾಯವಾಗಬಹುದು.

ಹಸಿರು ಪಾಯಿಂಟರ್ ಬೇಡವೇ ಬೇಡ. ಅಗ್ಗದವುಗಳಲ್ಲಿ ಕಣ್ಣಿಗೆ ಕಾಣದ 808 ಮತ್ತು 1064 ನ್ಯಾನೋಮೀಟರಿನ ಅವಕೆಂಪು ಬೆಳಕು ಸೋಸದೆ ಹೊರಬರುತ್ತದೆ. ಯಾವ ಲೇಸರಾದರೂ ಕಿರಣ ಕುಳಿತವರ ಕಣ್ಣಿನ ಎತ್ತರದಲ್ಲಿ ಬರಬಾರದು. ಕೈಗಡಿಯಾರ, ಉಂಗುರ, ಬಳೆ ತೆಗೆದಿಡಿ.

ಸೀಳುವ ಗಾಜು ಮತ್ತು ಕನ್ನಡಿಗಳು

ಬೀಮ್ ಸ್ಪ್ಲಿಟರ್ ಇಲ್ಲವೆಂದು ನಿಲ್ಲಬೇಕಿಲ್ಲ. 5 ಮಿ.ಮೀ. ದಪ್ಪದ ಸಾದಾ ಕಿಟಕಿ ಗಾಜಿನ ತುಂಡು ಸಾಕು. ಅರ್ಧ-ಅರ್ಧ ಸೀಳದಿದ್ದರೆ ಫ್ರಿಂಜ್ ಮಸುಕಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಗೋಡೆಗೆ ಬರುವ ಎರಡೂ ಕಿರಣಗಳು ಒಮ್ಮೆ ಪ್ರತಿಫಲಿಸಿ ಒಮ್ಮೆ ತೂರಿ ಬಂದವೇ ಆದ್ದರಿಂದ ಎರಡರ ಬೆಳಕೂ ಸಮ. ಕಡಿಮೆಯಾಗುವುದು ಒಟ್ಟು ಹೊಳಪು ಮಾತ್ರ.

ಡಯೋಡ್ ಬೆಳಕು ಧ್ರುವೀಕೃತವಾದದ್ದು (ಒಂದೇ ದಿಕ್ಕಿನಲ್ಲಿ ಕಂಪಿಸುವಂಥದ್ದು) ಎಂಬುದು ಇಲ್ಲಿ ಅನುಕೂಲಕ್ಕೆ ಬರುತ್ತದೆ. ಗಾಜನ್ನು 45 ಡಿಗ್ರಿಗೆ ನಿಲ್ಲಿಸಿ, ಮಾಡ್ಯೂಲನ್ನು ತನ್ನ ಅಕ್ಷದಲ್ಲೇ ಮೆಲ್ಲಗೆ ತಿರುಗಿಸುತ್ತ ಪ್ರತಿಫಲಿಸಿದ ಚುಕ್ಕೆಯನ್ನು ನೋಡಿ. ಒಂದು ನಿಲುವಿನಲ್ಲಿ ಗಾಜಿನ ಒಂದು ಮೇಲ್ಮೈ ಶೇ. 9ರಷ್ಟು ಬೆಳಕನ್ನು ಹಿಂದಿರುಗಿಸುತ್ತದೆ. ಅಲ್ಲಿಂದ ಕಾಲು ಸುತ್ತು ತಿರುಗಿಸಿದರೆ ಶೇ. 1ಕ್ಕೂ ಕಡಿಮೆ. ಚುಕ್ಕೆ ಅತಿ ಹೊಳಪಾದಲ್ಲಿ ಮಾಡ್ಯೂಲನ್ನು ಬಿಗಿಯಿರಿ. ಗಾಜಿನ ಹಿಂಭಾಗದಿಂದಲೂ ಇನ್ನೊಂದು ಚುಕ್ಕೆ ಬರುತ್ತದೆ. 5 ಮಿ.ಮೀ. ಗಾಜಿನಲ್ಲಿ ಅದು ಮೊದಲಿನದರಿಂದ ಸುಮಾರು 4 ಮಿ.ಮೀ. ಆಚೆ ಬೀಳುವುದರಿಂದ ಕಪ್ಪು ಕಾಗದದಿಂದ ಮುಚ್ಚಬಹುದು. ತೆಳು ಸ್ಲೈಡ್ ಬಳಸಿದರೆ ಎರಡೂ ಒಂದರ ಮೇಲೊಂದು ಕೂತು ಬೇಡದ ಪಟ್ಟಿಗಳನ್ನು ಎಬ್ಬಿಸುತ್ತವೆ.

ಮುಖ ನೋಡುವ ಕನ್ನಡಿಯ ಬೆಳ್ಳಿ ಗಾಜಿನ ಹಿಂದಿರುತ್ತದೆ. ಅಲ್ಲೂ ಜೋಡಿಚುಕ್ಕೆಯ ಕಾಟ. ಮುಂಭಾಗದಲ್ಲೇ ಲೇಪವಿರುವ ಕನ್ನಡಿ ಬೇಕು. ಕೆಟ್ಟ ಹಾರ್ಡ್ ಡಿಸ್ಕಿನೊಳಗಿನ ತಟ್ಟೆ, ಹಳೆಯ ಸ್ಕ್ಯಾನರಿನ ಉದ್ದ ಕನ್ನಡಿ, ಎರಡೂ ಗುಜರಿಯಲ್ಲಿ ಸಿಗುತ್ತವೆ. ಬೆರಳು ತಾಗಿಸದೆ ಅಂಚು ಹಿಡಿದು ತೆಗೆಯಿರಿ.

ಕನ್ನಡಿ ಹಿಡಿಯಲು ಎರಡು ಲೋಹದ ಪಟ್ಟಿ, ನಡುವೆ ಸ್ಪ್ರಿಂಗ್, 3 ಮಿ.ಮೀ. ವ್ಯಾಸದ ಮೂರು ಸ್ಕ್ರೂ. ಅವುಗಳ ಮರೆ (ಒಂದು ಸುತ್ತಿಗೆ ಸ್ಕ್ರೂ ಮುಂದೆ ಸರಿಯುವ ದೂರ) 0.5 ಮಿ.ಮೀ.ದ್ದು. ಸ್ಕ್ರೂಗಳ ನಡುವೆ 40 ಮಿ.ಮೀ. ಅಂತರವಿದ್ದರೆ, ಕಾಲು ಸುತ್ತಿಗೆ 2 ಮೀಟರ್ ದೂರದ ಚುಕ್ಕೆ 12 ಮಿ.ಮೀ. ಜಿಗಿಯುತ್ತದೆ. ಸ್ಕ್ರೂ ಎಷ್ಟು ನಾಜೂಕಾಗಿ ತಿರುಗಬೇಕು ಎಂಬ ಅಂದಾಜು ಇದರಿಂದ ಸಿಕ್ಕೀತು. ಅಂಟಿಸಲು ಎಪಾಕ್ಸಿಯೇ ಇರಲಿ. ಡಬಲ್ ಟೇಪ್ ಬಿಸಿಲುಗಾಲದಲ್ಲಿ ಮೆತ್ತಗಾಗಿ ಗಂಟೆಗಟ್ಟಲೆ ಜಾರುತ್ತಲೇ ಇರುತ್ತದೆ.

ಹೊಂದಿಸುವುದು

ತೋಳುಗಳು 18 ಸೆಂ.ಮೀ. ಇರಲಿ, ಕೊಳವೆಗೆ ಜಾಗ ಬೇಕು. ಕಾಗದದ ಪಟ್ಟಿಯೊಂದರ ಮೇಲೆ ಗುರುತು ಹಾಕಿಕೊಂಡು ಅದರಿಂದಲೇ ಎರಡೂ ತೋಳು ಅಳೆಯಿರಿ. ಸ್ಕೇಲು ಓದುವುದಕ್ಕಿಂತ ಇದು ನಿಖರ.

ರಟ್ಟಿಗೆ 1 ಮಿ.ಮೀ. ತೂತು ಮಾಡಿ ಲೇಸರಿನ ಮುಂದೆ ಇಡಿ. ಒಂದು ತೋಳನ್ನು ಕಾಗದದಿಂದ ಮುಚ್ಚಿ, ಇನ್ನೊಂದು ಕನ್ನಡಿಯಿಂದ ಮರಳುವ ಚುಕ್ಕೆ ತೂತಿನ ಪಕ್ಕದಲ್ಲೇ ಬೀಳುವಂತೆ ಸ್ಕ್ರೂ ತಿರುಗಿಸಿ. ತೂತಿನೊಳಗೇ ಬೀಳಿಸಬೇಡಿ. ಬೆಳಕು ಡಯೋಡಿನೊಳಗೆ ಮರಳಿದರೆ ಅದರ ತರಂಗದೂರವೇ ಜಿಗಿಯುತ್ತದೆ, ಪಟ್ಟಿಗಳು ಇದ್ದಕ್ಕಿದ್ದಂತೆ ಹಾರುತ್ತವೆ. ಇನ್ನೊಂದು ತೋಳಿಗೂ ಹೀಗೆಯೇ. ಈಗ ಗೋಡೆಯ ಮೇಲೆ ಎರಡು ಚುಕ್ಕೆ. ಒಂದೇ ಕನ್ನಡಿಯ ಸ್ಕ್ರೂ ಮುಟ್ಟುತ್ತ ಎರಡನ್ನೂ ಕೂಡಿಸಿ. ಪೂರ್ತಿ ಕೂಡಿದಾಗ ಚುಕ್ಕೆ ಮಿಣಮಿಣ ಎನ್ನತೊಡಗುತ್ತದೆ. ಆ ಮಿಣುಕು ಕಂಡಿತೆಂದರೆ ಮುಕ್ಕಾಲು ಕೆಲಸ ಮುಗಿಯಿತು. ಬೀಮ್ ಸ್ಪ್ಲಿಟರಿನ ಆಚೆ 10 ಪಟ್ಟಿನ ಮೈಕ್ರೋಸ್ಕೋಪ್ ಆಬ್ಜೆಕ್ಟಿವ್ ಹಿಡಿದರೆ ಚುಕ್ಕೆ ಊಟದ ತಟ್ಟೆಯಷ್ಟು ಹರಡುತ್ತದೆ, ಒಳಗೆ ಪಟ್ಟಿಗಳು. ಬಾಚಣಿಗೆ ಹಲ್ಲಿನಷ್ಟು ಸಣ್ಣಗಿದ್ದರೆ ಕನ್ನಡಿ ಇನ್ನೂ ಓರೆ ಎಂದರ್ಥ; ಐದಾರು ಅಗಲ ಪಟ್ಟಿಗಳು ಉಳಿಯುವವರೆಗೆ ತಿದ್ದಿ.

ಅಂಗೈಯನ್ನು ಒಂದು ತೋಳಿನ ಕೆಳಗೆ, ಕಿರಣಕ್ಕೆ ತಾಗದಂತೆ ಹಿಡಿದು ನೋಡಿ. ಕೈಯ ಬಿಸಿಗೆ ಪಟ್ಟಿಗಳು ಬಳುಕಿದರೆ ಸಾಧನ ಸರಿಯಾಗಿದೆ. 18 ಸೆಂ.ಮೀ. ತೋಳಿನ ಗಾಳಿ 1 ಡಿಗ್ರಿ ಬಿಸಿಯಾದರೆ ಅರ್ಧ ಫ್ರಿಂಜಿನಷ್ಟು ಸರಿಯುತ್ತದೆ. ಆದ್ದರಿಂದ ಫ್ಯಾನ್ ಬಂದ್, ಕಿಟಕಿ ಬಂದ್, ಮೇಲೆ ರಟ್ಟಿನ ಪೆಟ್ಟಿಗೆ. ಏನನ್ನೂ ಮುಟ್ಟದೆ 2 ನಿಮಿಷ ನೋಡಿದಾಗ ಅರ್ಧ ಫ್ರಿಂಜಿಗಿಂತ ಹೆಚ್ಚು ಜಾರುತ್ತಿದ್ದರೆ ಎಣಿಕೆ ಶುರುಮಾಡಬೇಡಿ.

ಕೊಳವೆ ಮತ್ತು ಬಿಪಿ ಬಲ್ಬು

ಅರ್ಧ ಇಂಚಿನ ಪಿವಿಸಿ ಪೈಪನ್ನು 10 ಸೆಂ.ಮೀ.ಗೆ ಕೊಯ್ಯಿರಿ. ಅದರ ಹೊರವ್ಯಾಸ 21 ಮಿ.ಮೀ. ಸುಮಾರು, ಹಾಗಾಗಿ 25 ಮಿ.ಮೀ. ಅಗಲದ ಮೈಕ್ರೋಸ್ಕೋಪ್ ಸ್ಲೈಡ್ ಬಾಯಿಯನ್ನು ಪೂರ್ತಿ ಮುಚ್ಚುತ್ತದೆ. ಸಪಾಟು ಗಾಜಿನ ಮೇಲೆ ಸ್ಯಾಂಡ್‌ಪೇಪರ್ ಹಾಸಿ ಎರಡೂ ತುದಿ ತಿಕ್ಕಿ, ಸ್ಲೈಡ್ ತುಂಡುಗಳನ್ನು ಎಪಾಕ್ಸಿಯಿಂದ ಅಂಟಿಸಿ. ಪೈಪಿನ ನಡುವೆ ತೂತು ಕೊರೆದು ಅಕ್ವೇರಿಯಂ ಅಂಗಡಿಯ ಗಾಳಿ ಕನೆಕ್ಟರ್ ಕೂರಿಸಿ. ಒಂದು ದಿನ ಒಣಗಲಿ. ಆಮೇಲೆ ವರ್ನಿಯರಿನಿಂದ ಉದ್ದ ಅಳೆದು ಎರಡು ಸ್ಲೈಡಿನ ದಪ್ಪ ಕಳೆಯಿರಿ. ಬೇಕಾದದ್ದು ಒಳಗಿನ ಗಾಳಿಯ ಉದ್ದ.

ಮುಳ್ಳಿನ ಡಯಲ್ ಇರುವ ಬಿಪಿ ಸಾಧನವನ್ನು ಟಿ-ಕನೆಕ್ಟರ್ ಹಾಕಿ ಜೋಡಿಸಿ. ಕೈಪಟ್ಟಿಯನ್ನು ಕಿತ್ತು ಬಿಸಾಡಬೇಡಿ! ಕೊಳವೆಯ ಒಳಗಾತ್ರ 20 ಮಿಲಿಲೀಟರಿಗಿಂತ ಕಡಿಮೆ. ಬಲ್ಬನ್ನು (ಗಾಳಿ ತುಂಬಲು ಕೈಯಲ್ಲಿ ಒತ್ತುವ ರಬ್ಬರ್ ಉಂಡೆ) ನೇರ ಹಚ್ಚಿದರೆ ಒಂದೇ ಒತ್ತಿಗೆ ಮುಳ್ಳು 300 ದಾಟಿ ಗಾಜು ಕಿತ್ತೀತು. ಕೈಪಟ್ಟಿಯನ್ನು ಗಟ್ಟಿ ಬಾಟಲಿಗೆ ಬಿಗಿಯಾಗಿ ಸುತ್ತಿಟ್ಟರೆ ಅದು ಗಾಳಿಯ ಉಗ್ರಾಣದಂತೆ ಒತ್ತಡವನ್ನು ಮೆಲ್ಲಗೆ ಏರಿಸಿ ಇಳಿಸುತ್ತದೆ. 200ಕ್ಕೆ ಏರಿಸಿ ಒಂದು ನಿಮಿಷ ಬಿಡಿ. 2 ಮಿ.ಮೀ.ಗಿಂತ ಹೆಚ್ಚು ಇಳಿದರೆ ಸೋರಿಕೆಯಿದೆ, ಸಾಬೂನು ನೀರು ಹಚ್ಚಿ ಹುಡುಕಿ.

ರಬ್ಬರ್ ಟ್ಯೂಬನ್ನು ಮೊದಲು ನೆಲಕ್ಕೋ ಮೇಜಿಗೋ ಟೇಪಿನಿಂದ ಬಂಧಿಸಿ, ಅಲ್ಲಿಂದ ಕಲ್ಲಿಗೆ ಸಡಿಲ ಸುತ್ತು ಬಿಡಿ. ಇಲ್ಲವಾದರೆ ಬಲ್ಬು ಒತ್ತಿದಾಗ ಸರಿಯುವ ಪಟ್ಟಿ ಗಾಳಿಯಿಂದಲೋ ಎಳೆತದಿಂದಲೋ ಗೊತ್ತಾಗುವುದಿಲ್ಲ. ಕೊಳವೆಯನ್ನು ಕಿರಣಕ್ಕೆ ಒಂದೆರಡು ಡಿಗ್ರಿ ಓರೆಯಾಗಿ ಇಡಿ, ಸ್ಲೈಡಿನ ಪ್ರತಿಫಲನ ಆಚೆ ಹೋಗಲಿ. ಡಯೋಡ್ ಬಳಸುವವರು ಇನ್ನೊಂದು ತೋಳಿನಲ್ಲೂ ಎರಡು ಸ್ಲೈಡ್ ನಿಲ್ಲಿಸಿದರೆ ತೋಳುಗಳು ಮತ್ತೆ ಸಮನಾಗುತ್ತವೆ.

ಎಣಿಕೆ ಮತ್ತು ಲೆಕ್ಕ

200ಕ್ಕೆ ಏರಿಸಿ, ಒಂದು ನಿಮಿಷ ಕಾಯಿರಿ. ಒತ್ತಿದ ಗಾಳಿ ಬಿಸಿಯಾಗಿರುತ್ತದೆ, ತಣಿಯುವವರೆಗೆ ಪಟ್ಟಿಗಳು ತಾವಾಗಿಯೇ ಸರಿಯುತ್ತಿರುತ್ತವೆ. ನಂತರ ಬಲ್ಬಿನ ಕವಾಟವನ್ನು ಕೂದಲೆಳೆಯಷ್ಟು ತೆರೆದು, ಸೊನ್ನೆಗೆ ಬರಲು ಒಂದೂವರೆ ನಿಮಿಷವಾದರೂ ಹಿಡಿಯುವಂತೆ ಇಳಿಸಿ. ಗೋಡೆಯ ಕಾಗದದ ಮೇಲೆ ಒಂದು ಗೆರೆ ಎಳೆದು, ಅದನ್ನು ದಾಟುವ ಪಟ್ಟಿಗಳನ್ನು ಎಣಿಸಿ. ಡಯಲ್ ಮತ್ತು ಗೆರೆ ಎರಡೂ ಕಾಣುವಂತೆ ಮೊಬೈಲಿನಲ್ಲಿ ವಿಡಿಯೋ ಹಿಡಿದರೆ ಜಗಳವಿಲ್ಲ. ಪ್ರತಿ 5 ಫ್ರಿಂಜಿಗೊಮ್ಮೆ ಒತ್ತಡ ಬರೆದು ನಕ್ಷೆ ಎಳೆಯಿರಿ. ನೇರ ಗೆರೆ ಬರಬೇಕು. ತುದಿಯಲ್ಲಿ ಬಾಗಿದ್ದರೆ ಅವಸರ ಮಾಡಿದ್ದೀರಿ.

ಹೀಲಿಯಂ-ನಿಯಾನ್, 10.0 ಸೆಂ.ಮೀ. ಗಾಳಿ, 200 ಮಿ.ಮೀ.ಗೆ 22 ಫ್ರಿಂಜ್ ಬಂತೆನ್ನಿ. 22ನ್ನು ತರಂಗದೂರದಿಂದ ಗುಣಿಸಿ, ಉದ್ದದ ಎರಡರಷ್ಟರಿಂದ ಭಾಗಿಸಿದರೆ 0.0000696. ಇದು 200 ಮಿ.ಮೀ.ಯ ಪಾಲು. ಹೊರಗಿನ ಒತ್ತಡ 695 ಆದರೆ 695ರಿಂದ ಗುಣಿಸಿ 200ರಿಂದ ಭಾಗಿಸಿ: 0.000242. ಅಂದರೆ ಸೂಚ್ಯಂಕ 1.000242. ಡಯಲಿನ ತಪ್ಪು 3 ಮಿ.ಮೀ., ಎಣಿಕೆಯ ತಪ್ಪು ಕಾಲು ಫ್ರಿಂಜ್, ಉದ್ದದ್ದು ಅರ್ಧ ಮಿ.ಮೀ. ಎಂದು ಹಿಡಿದರೆ ಒಟ್ಟು ಶೇ. 2ರಷ್ಟು ಅನಿಶ್ಚಿತತೆ. ಪುಸ್ತಕಕ್ಕೆ ಹೋಲಿಸಬೇಕೆಂದರೆ 0.000242ನ್ನು 760/695ರಿಂದಲೂ 301/273ರಿಂದಲೂ ಗುಣಿಸಿ: 0.000292.

ಹೊರಗಿನ ಒತ್ತಡವನ್ನು ಪ್ರಯೋಗಾಲಯದ ಗೋಡೆಯ ಫಾರ್ಟಿನ್ ಬ್ಯಾರೋಮೀಟರಿನಲ್ಲೇ ಓದಿ, ಹವಾಮಾನದ ಆ್ಯಪಿನಿಂದ ತೆಗೆಯಬೇಡಿ. ಆ್ಯಪು ತೋರಿಸುವ 1010 ಹೆಕ್ಟೊಪ್ಯಾಸ್ಕಲ್ ಸಮುದ್ರಮಟ್ಟಕ್ಕೆ ಇಳಿಸಿ ಹೇಳಿದ ಒತ್ತಡ. ಅದನ್ನು ಹಾಕಿದರೆ ಧಾರವಾಡದ ಉತ್ತರ ಶೇ. 9ರಷ್ಟು ಉಬ್ಬುತ್ತದೆ. ಮೋಸವೆಂದರೆ, ಪುಸ್ತಕಕ್ಕೆ ಹೋಲಿಸುವ ಗುಣಾಕಾರದಲ್ಲಿ ಆ ತಪ್ಪು ಹೊಡೆದುಹೋಗುತ್ತದೆ. 0.000292 ಸರಿಯಾಗಿ ಬಂತೆಂದು ಖುಷಿಪಟ್ಟವರ ಸ್ಥಳೀಯ ಅಂಕಿ ತಪ್ಪೇ ಇರಬಹುದು. ಹಾವೇರಿ, ಗದಗಿನಲ್ಲಿ ಮಾಡುವವರಿಗೆ ಅಂದಾಜು: 100 ಮೀಟರ್ ಕೆಳಗಿಳಿದರೆ ಒತ್ತಡ 8 ಮಿ.ಮೀ. ಏರುತ್ತದೆ.

ಬ್ಯಾರೋಮೀಟರಿನ ಹಂಗೂ ಬೇಡವೆಂದರೆ ಕೊಳವೆಯ ಗಾಳಿಯನ್ನು ರೋಟರಿ ಪಂಪಿನಿಂದ ಪೂರ್ತಿ ತೆಗೆಯಬೇಕು. ಆಗ ಸ್ಲೈಡಿನ ಬದಲು 4 ಮಿ.ಮೀ. ಗಾಜು ಅಂಟಿಸಿ, ಕಣ್ಣಿಗೆ ಕನ್ನಡಕ ಹಾಕಿ. ಗಾಳಿಯನ್ನು ಸೂಜಿಕವಾಟದಿಂದ ಮೆಲ್ಲಗೆ ಒಳಗೆ ಬಿಡುತ್ತ ಎಣಿಸಿದರೆ ಧಾರವಾಡದಲ್ಲಿ ಸುಮಾರು 76 ಫ್ರಿಂಜ್ ದಾಟುತ್ತವೆ. ಅದೇ ಕೊಳವೆ, ಅದೇ 28 ಡಿಗ್ರಿ, ಆದರೆ ಕಾರವಾರದ ಕಡಲ ದಂಡೆಯಾದರೆ 83 ಅಥವಾ 84.