ಹೊರೆ ಹೊತ್ತ ಸೈಕಲ್ಲಿಗೆ ರಿಮ್ ಆರಿಸಿದ ಬಗೆ

ಡೇರೆ, ಸ್ಟೌ, ಅವಲಕ್ಕಿ, ನೀರು, ಮಳೆಯಂಗಿ ಎಲ್ಲ ಸೇರಿ ನನ್ನ ಸೈಕಲ್ಲಿನ ಹೊರೆ 20 ಕಿಲೋ. ಸೈಕಲ್ಲಿನದು 16, ನನ್ನದು 74. ಒಟ್ಟು 110 ಕಿಲೋದಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚು ಹಿಂದಿನ ಚಕ್ರದ ಮೇಲೆಯೇ ಕೂರುತ್ತದೆ. ಗಟ್ಟಿ ರಿಮ್ ಬೇಕು ಎಂದು ಅಂಗಡಿಗೆ ಹೋದರೆ ಎದುರಾಗುವ ಮೊದಲ ಪ್ರಶ್ನೆ, ಎಷ್ಟು ಭಾರ ಹೊರುತ್ತೀರಿ ಎಂಬುದು. ಶಿರಸಿಯಲ್ಲಿದ್ದುಕೊಂಡು ಘಟ್ಟ ಹತ್ತಿ ಇಳಿಯುವವನಿಗೆ ಕೇಳಬೇಕಾದದ್ದು ಬೇರೆ: ಬ್ರೇಕ್ ಹಿಡಿಯುವುದು ಎಲ್ಲಿ, ರಿಮ್ಮಿನ ಮೇಲೋ ಡಿಸ್ಕಿನ ಮೇಲೋ?

ನನ್ನ ಹಳೆಯ ರಿಮ್ ಭಾರಕ್ಕೆ ಬಾಗಲಿಲ್ಲ, ಸವೆದುಹೋಯಿತು. ರಬ್ಬರ್ ಪ್ಯಾಡು ರಿಮ್ಮಿನ ಗೋಡೆಯನ್ನೇ ಹಿಡಿಯುವ ವಿ ಬ್ರೇಕ್ ಅದರದು. ಕಬ್ಬಿಣದ ಆಕ್ಸೈಡು ತುಂಬಿದ ನಮ್ಮ ಕೆಂಪು ಮಣ್ಣು, ದೇವಿಮನೆ ಘಟ್ಟದ ರಸ್ತೆಯ ಜಲ್ಲಿಪುಡಿ, ಇವೆರಡೂ ಜೂನ್ ಬಂದೊಡನೆ ನೀರಿನಲ್ಲಿ ಕಲಸಿಕೊಂಡು ಪ್ಯಾಡಿಗೆ ಮೆತ್ತಿಕೊಳ್ಳುತ್ತವೆ. ಆಮೇಲೆ ಬ್ರೇಕ್ ಒತ್ತಿದಾಗಲೆಲ್ಲ ಅದು ಉಪ್ಪುಕಾಗದ ಹಾಕಿ ತಿಕ್ಕಿದಂತೆಯೇ. ಇಳಿಜಾರಿನಲ್ಲಿ ಆ ಕರಕರ ಸದ್ದು ಕೇಳಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಗೋಡೆ ತೆಳ್ಳಗಾದರೂ ಹೊರಗಿನಿಂದ ಚಕ್ರ ನೆಟ್ಟಗೇ ಕಾಣುತ್ತದೆ. ಒಳಗೆ ಟಯರಿನ ಗಾಳಿ ಆ ಗೋಡೆಯನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ತಡೆಯಲಾರದ ಗಳಿಗೆಯಲ್ಲಿ ಅದು ಸೀಳಿಕೊಂಡು ಟಯರ್ ಹಾರುತ್ತದೆ. ಘಟ್ಟದ ತಿರುವಿನಲ್ಲಿ ಅದಾಗಬಾರದು. ಉಕ್ಕಿನ ಅಳತೆಪಟ್ಟಿಯನ್ನು ರಿಮ್ಮಿನ ಗೋಡೆಗೆ ಅಡ್ಡ ಹಿಡಿದು ಬೆಳಕಿಗೆ ಒಡ್ಡಿದರೆ, ನಡುವೆ ಕಾಣುವ ಸಂದಿನಿಂದ ಗೋಡೆ ಎಷ್ಟು ಕುಳಿ ಬಿದ್ದಿದೆಯೆಂದು ತಿಳಿಯುತ್ತದೆ. ಗೋಡೆಯ ದಪ್ಪ ಒಂದು ಮಿಲಿಮೀಟರಿಗೆ ಬಂದರೆ ನಾನು ಆ ರಿಮ್ಮನ್ನು ಘಟ್ಟಕ್ಕೆ ಒಯ್ಯುವುದಿಲ್ಲ. ಹಳೆಯದನ್ನು ಕಳಚಿದ್ದು ಹಾಗೆಯೇ.

ಆದ್ದರಿಂದ ಹೊಸ ರಿಮ್ಮಿನ ವಿಚಾರ ಶುರುವಾದದ್ದೇ ಡಿಸ್ಕ್ ಬ್ರೇಕಿನಿಂದ. ಅದರಲ್ಲಿ ಸವೆಯುವುದು ಪ್ಯಾಡು ಮತ್ತು ಉಕ್ಕಿನ ತಟ್ಟೆ. ಎರಡೂ ಅಗ್ಗ, ದಾರಿಯಲ್ಲೇ ಬದಲಿಸಬಹುದು. ಚಕ್ರ ತುಸು ವಾಲಿದರೂ ಬ್ರೇಕಿಗೆ ತಾಗುವುದಿಲ್ಲ. ರಿಮ್ಮಿನ ಬೆಸುಗೆಯ ಜಾಗ ಸ್ವಲ್ಪ ಉಬ್ಬಿದ್ದರೆ ವಿ ಬ್ರೇಕಿನಲ್ಲಿ ಸುತ್ತಿಗೊಮ್ಮೆ ಜಗ್ಗುತ್ತದೆ; ಡಿಸ್ಕ್ ಇದ್ದರೆ ಆ ಗೊಡವೆಯೇ ಇಲ್ಲ. ನಿಮ್ಮ ಫ್ರೇಮಿನಲ್ಲಿ ಡಿಸ್ಕ್ ಕೂರಿಸುವ ಜಾಗವಿಲ್ಲದಿದ್ದರೆ ದಪ್ಪ ಗೋಡೆಯ ರಿಮ್ ಕೊಳ್ಳಿ. ಮಳೆಗಾಲದಲ್ಲಿ ಸಂಜೆಗೊಮ್ಮೆ ಪ್ಯಾಡಿನಲ್ಲಿ ನೆಟ್ಟ ಹರಳುಗಳನ್ನು ಪಿನ್ನಿನಿಂದ ಕಿತ್ತುಹಾಕಿ. ಅದು ಬೇಸರದ ಕೆಲಸ, ಆದರೆ ರಿಮ್ಮಿನ ಆಯುಷ್ಯ ಖಂಡಿತ ಹೆಚ್ಚುತ್ತದೆ.

ಗಾತ್ರದ ವಿಷಯದಲ್ಲಿ ನಾನು ಹಳೆಯ ಕಾಲದವನು, 26 ಇಂಚನ್ನೇ ಉಳಿಸಿಕೊಂಡೆ. 29 ಇಂಚಿನ ಚಕ್ರ ಕಲ್ಲುಬೇರುಗಳ ಮೇಲೆ ಸಲೀಸಾಗಿ ಉರುಳುತ್ತದೆ ಎನ್ನುವುದು ನಿಜ. ಆದರೆ ಒಂದೇ ಬಗೆಯ ರಿಮ್ ಮತ್ತು ಕಡ್ಡಿಯಲ್ಲಿ ಕಟ್ಟಿದರೆ ಸಣ್ಣ ಚಕ್ರವೇ ಗಟ್ಟಿ. ಕಡ್ಡಿ ಗಿಡ್ಡ, ಅಡ್ಡಕ್ಕೆ ಬಾಗುವುದು ಕಡಿಮೆ. ಇನ್ನೊಂದು ಕಾರಣವೆಂದರೆ ಮೌಂಟನ್ ಬೈಕಿನ 26 ಇಂಚಿನ ಟಯರ್ ಕುಮಟಾದಲ್ಲೂ ಅಂಕೋಲಾದಲ್ಲೂ ಮಕ್ಕಳ ಸೈಕಲ್ಲಿನ ಅಂಗಡಿಯಲ್ಲೇ ಸಿಗುತ್ತದೆ. ಗುಣಮಟ್ಟ ಹೇಗೇ ಇರಲಿ, ಮನೆಗೆ ಮುಟ್ಟಿಸುತ್ತದೆ. ಕೊಳ್ಳುವಾಗ ಮಾತ್ರ ಇಂಚನ್ನು ನಂಬಬಾರದು. ಟಯರಿನ ಬದಿಯಲ್ಲಿ ಅದು ಕೂರುವ ರಿಮ್ಮಿನ ವ್ಯಾಸ ಮಿಲಿಮೀಟರಿನಲ್ಲಿ ಅಚ್ಚಾಗಿರುತ್ತದೆ. ನಮಗೆ ಬೇಕಾದದ್ದು 559. 26 x 1 3/8 ಎಂದು ಬರೆದ ಟಯರು 590ರದ್ದು. ಎರಡಕ್ಕೂ 26 ಇಂಚು ಎಂದೇ ಹೆಸರು, ಒಂದರ ರಿಮ್ಮಿಗೆ ಇನ್ನೊಂದು ಕೂರುವುದಿಲ್ಲ. 29 ಇಂಚಿನದು 622, 27.5ರದು 584.

ದೂರ ಪ್ರಯಾಣದ ಸವಾರರ ಬಾಯಲ್ಲಿ ಬರುವ ಹೆಸರುಗಳು ಕೆಲವೇ: ಸನ್ ರಿಂಗ್ಲೆಯ ರೈನೋ ಲೈಟ್, ರೈಡ್ ಕಂಪನಿಯ ಆಂಡ್ರಾ, ವೆಲಾಸಿಟಿಯ ಕ್ಲಿಫ್‌ಹ್ಯಾಂಗರ್. ಮೂರೂ ಅಲ್ಯೂಮಿನಿಯಂ, ಮೂರೂ ಎರಡು ಗೋಡೆಯ ಪೆಟ್ಟಿಗೆಯಂಥ ರಚನೆಯವು. ಕಾರ್ಬನ್ ರಿಮ್ಮನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಲ್ಯೂಮಿನಿಯಂ ಬಾಗಿದರೆ ಹಿಂದಕ್ಕೆ ಬಾಗಿಸಬಹುದು, ಕಾರ್ಬನ್ ಸೀಳಿದರೆ ಉಂಚಳ್ಳಿಯ ದಾರಿಯಲ್ಲಿ ಸೈಕಲ್ ಹೊತ್ತು ನಡೆಯಬೇಕು. ನಾನು ಕ್ಲಿಫ್‌ಹ್ಯಾಂಗರ್ ಆರಿಸಿದೆ. ಅಮೆರಿಕದಿಂದ ಊರಿಗೆ ಬಂದ ಗೆಳೆಯನೊಬ್ಬ ಬಟ್ಟೆಗಳ ನಡುವೆ ಇಟ್ಟು ತಂದುಕೊಟ್ಟ. 26 ಇಂಚಿನ ರಿಮ್ಮಿನ ಹೊರವ್ಯಾಸ 57 ಸೆಂಟಿಮೀಟರಿನ ಆಸುಪಾಸು, ದೊಡ್ಡ ಸೂಟ್‌ಕೇಸಿನಲ್ಲಿ ಮಲಗುತ್ತದೆ. 29ರದನ್ನು ಹಾಗೆ ತರಲು ಪರದಾಡಬೇಕು.

ಆ ರಿಮ್ಮನ್ನೇ ಆರಿಸಲು ಕಾರಣ ಅದರ ಒಳ ಅಗಲ, 25 ಮಿಲಿಮೀಟರ್. ಹಳೆಯದು 19 ಇತ್ತು. ಗೋಕರ್ಣದಲ್ಲಿ ಕುಡ್ಲೆಯಿಂದ ಓಂ ತೀರಕ್ಕೆ ಗುಡ್ಡದ ಮೇಲೆ ಹೋಗುವ ದಾರಿಯನ್ನು ನೋಡಿದವರಿಗೆ ಗೊತ್ತು, ಚಿರೆಕಲ್ಲಿನ ಮೆಟ್ಟಿಲುಗಳ ಅಂಚು ಎಷ್ಟು ಮೊನಚು ಎಂದು. ಅಂಥಲ್ಲಿ ಟಯರಿನ ಗಾಳಿ ಇಳಿಸದಿದ್ದರೆ ಹೊರೆಯೆಲ್ಲ ಕುಣಿಯುತ್ತದೆ, ಹಿಡಿತ ಇರುವುದಿಲ್ಲ. ಇಳಿಸಿದರೆ ಕಿರಿದಾದ ರಿಮ್ಮಿನ ಮೇಲೆ ಟಯರ್ ಅತ್ತಿತ್ತ ಹೊರಳುತ್ತದೆ, ಕಲ್ಲಿಗೆ ರಿಮ್ ಬಡಿದು ಟ್ಯೂಬಿನಲ್ಲಿ ಜೋಡಿ ತೂತು ಬೀಳುತ್ತದೆ. ಅಗಲ ರಿಮ್ಮಿನಲ್ಲಿ ಟಯರಿನ ಕಾಲು ಅಗಲವಾಗಿ ಊರಿಕೊಳ್ಳುವುದರಿಂದ ಕಡಿಮೆ ಗಾಳಿಯಲ್ಲೂ ಅದು ನಿಲ್ಲುತ್ತದೆ. ನಾನು 2.25 ಇಂಚಿನ ಟಯರಿಗೆ ಹಿಂದೆ 35, ಮುಂದೆ 28 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಗಾಳಿ ಇಡುತ್ತೇನೆ. ಭಾರ ಹೆಚ್ಚಿದೆಯೆಂದು ದಪ್ಪ ಟಯರಿಗೆ 60 ಪಿಎಸ್‌ಐ ತುಂಬುವವರಿದ್ದಾರೆ. ಟಯರ್ ದಪ್ಪವಾದಷ್ಟೂ ಅದೇ ಗಾಳಿ ರಿಮ್ಮಿನ ಗೋಡೆಯನ್ನು ಹೆಚ್ಚು ಬಲದಿಂದ ಅಗಲಿಸುತ್ತದೆ ಎಂಬುದು ಅವರ ಲೆಕ್ಕದಲ್ಲಿ ಬರುವುದಿಲ್ಲ. ಇಷ್ಟೆಲ್ಲ ಆದರೂ ರಿಮ್ಮಿನ ಅಂಚು ಒಮ್ಮೊಮ್ಮೆ ನೆಗ್ಗುತ್ತದೆ. ಅಡ್ಜಸ್ಟಬಲ್ ಸ್ಪ್ಯಾನರಿನ ಬಾಯಿಯಲ್ಲಿ ಹಿಡಿದು ನಿಧಾನವಾಗಿ ಎಳೆದರೆ ಟಯರ್ ಕೂರುವಷ್ಟು ಸರಿಯಾಗುತ್ತದೆ.

ಕಡ್ಡಿ ಹಾಕಲು ಹಿಂದಿನ ಚಕ್ರಕ್ಕೆ 36 ತೂತು, ಮುಂದಿನದಕ್ಕೆ 32 ಸಾಕೆನಿಸಿತು. ನಾಲ್ಕು ಕಡ್ಡಿ, ಅವನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್ಟುಗಳಾದ ನಿಪ್ಪಲ್ ನಾಲ್ಕು ಹೆಚ್ಚಾದರೆ ಏರುವ ತೂಕ 30 ಗ್ರಾಮಿನಷ್ಟು, ಒಂದು ಬಾಳೆಹಣ್ಣಿನ ತೂಕವೂ ಅಲ್ಲ. ಪ್ರತಿಯಾಗಿ ಒಂದು ಕಡ್ಡಿ ಮುರಿದರೂ ಚಕ್ರ ಉರುಳುವಷ್ಟು ನೆಟ್ಟಗಿರುತ್ತದೆ. ಡಿಸ್ಕ್ ಕೂರಿಸಬಲ್ಲ 36 ತೂತಿನ ಹಬ್, ಅಂದರೆ ಚಕ್ರದ ನಡುವಿನ ಗುಂಬ, ಹುಡುಕುವುದೇ ಈಗ ಕಷ್ಟ. ಶಿಮಾನೊದ ಡಿಯೋರ್ ಶ್ರೇಣಿಯದೊಂದು ಸಿಕ್ಕಿತು. ಕಡ್ಡಿಯ ವಿಷಯದಲ್ಲಿ ಊರಿನ ಮೇಸ್ತ್ರಿಗೂ ನನಗೂ ಒಮ್ಮತವಾಗಲಿಲ್ಲ. ದಪ್ಪ ಕಡ್ಡಿಯೇ ಗಟ್ಟಿ ಎಂದು ಅವರ ವಾದ. ನಾನು ತಂದದ್ದು ತುದಿಗಳಲ್ಲಿ 2 ಮಿಲಿಮೀಟರ್, ನಡುವೆ 1.8 ಇರುವ ಸ್ಟೇನ್‌ಲೆಸ್ ಕಡ್ಡಿ. ಚಕ್ರ ಉರುಳುವಾಗ ನೆಲದ ಕಡೆ ಬಂದ ಕಡ್ಡಿಯ ಬಿಗಿ ಒಮ್ಮೆ ಇಳಿದು ಮತ್ತೆ ಏರುತ್ತದೆ, ಕಿಲೋಮೀಟರಿಗೆ 480ರಷ್ಟು ಸಲ. ಮುರಿಯುವುದು ಈ ಏರಿಳಿತದ ದಣಿವಿನಿಂದ, ಅದೂ ಹಬ್ಬಿನ ಬಳಿಯ ಕೊಕ್ಕೆಯಲ್ಲಿ. ನಡು ತೆಳ್ಳಗಿದ್ದರೆ ಹಿಗ್ಗುವ ಕೆಲಸ ಅಲ್ಲಿ ನಡೆದು ಕೊಕ್ಕೆಯ ಮೇಲಿನ ಒತ್ತಡ ತಗ್ಗುತ್ತದೆ.

ನಿಪ್ಪಲ್ ಹಿತ್ತಾಳೆಯದೇ ಆಗಬೇಕು. ಇದರಲ್ಲಿ ರಾಜಿ ಇಲ್ಲ. ತದಡಿಯಲ್ಲಿ ದೋಣಿಗೆ ಸೈಕಲ್ ಏರಿಸಿ ಅಘನಾಶಿನಿ ದಾಟುವಾಗ, ಕಾರವಾರದಲ್ಲಿ ಇಳಿತದ ಹೊತ್ತು ಗಟ್ಟಿ ಮರಳಿನ ಮೇಲೆ ಓಡಿಸುವಾಗ ಉಪ್ಪುನೀರು ಎಲ್ಲೆಡೆ ಹೊಕ್ಕುತ್ತದೆ. ಸ್ಟೇನ್‌ಲೆಸ್ ಕಡ್ಡಿಗೆ ತಾಗಿಕೊಂಡ ಅಲ್ಯೂಮಿನಿಯಂ ನಿಪ್ಪಲ್ ಉಪ್ಪಿನಲ್ಲಿ ಬಿಳಿ ಪುಡಿಯಾಗಿ ಕಚ್ಚಿಕೊಳ್ಳುತ್ತದೆ. ಬೆಂಡು ತೆಗೆಯಲು ಕಡ್ಡಿ ಬಿಗಿಯುವ ಕೀಲಿ ತಿರುಗಿಸಿದರೆ ನಿಪ್ಪಲ್ಲಿನ ತಲೆಯೇ ಕಿತ್ತು ಬರುತ್ತದೆ. ಎರಡು ಗೋಡೆಯ ರಿಮ್ಮಿನ ಹೊಟ್ಟೆಯಲ್ಲಿ ಹೊಳೆಯ ನೀರೂ ನಿಲ್ಲುತ್ತದೆ. ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು, ಟಯರ್ ಬಿಚ್ಚಿ, ವಾಲ್ವಿನ ತೂತು ಕೆಳಗೆ ಬರುವಂತೆ ಚಕ್ರವನ್ನು ತೂಗುಹಾಕುತ್ತೇನೆ.

ಕಟ್ಟಿದ್ದು ನಾನೇ. ಕಡ್ಡಿಯ ಉದ್ದ ತಿಳಿಯಲು ರಿಮ್ಮಿನ ಒಳಅಳತೆ ಬೇಕು. ಎರಡು ಹಳೆಯ ಕಡ್ಡಿಗಳನ್ನು ನಿಪ್ಪಲ್ ತಿರುಗಿಸಿದ ಮೇಲೆ ತಲಾ 200 ಮಿಲಿಮೀಟರ್ ಆಗುವಂತೆ ಕತ್ತರಿಸಿ, ಎದುರುಬದುರು ತೂತುಗಳಿಗೆ ಹಾಕಿ, ನಡುವೆ ಉಳಿದ ಅಂತರವನ್ನು ಕೂಡಿಸಿದೆ. ಕಂಪನಿಯ ಪಟ್ಟಿಗಿಂತ ಈ ಅಳತೆಯ ಮೇಲೆ ನನಗೆ ನಂಬಿಕೆ. ಪ್ರತಿ ಕಡ್ಡಿಯೂ ಮೂರು ಕಡ್ಡಿಗಳನ್ನು ದಾಟಿ ಹೋಗುವಂತೆ ಹೆಣೆದು, ಕಡ್ಡಿಯ ತುದಿಯ ತಿರುಪಿನ ಗೆರೆಗಳಿಗೆ ಅಗಸೆ ಎಣ್ಣೆ ಸವರಿದೆ. ತಿರುಗಿಸುವಾಗ ಜಾರುತ್ತದೆ, ಒಣಗಿದ ಮೇಲೆ ಮೆಲ್ಲಗೆ ಹಿಡಿಯುತ್ತದೆ. ಹಿಂದಿನ ಚಕ್ರದಲ್ಲಿ ಚೈನಿನ ಬದಿಯ ಕಡ್ಡಿಗಳು 110ರಿಂದ 120 ಕೆಜಿ ಬಲದಷ್ಟು ಬಿಗಿ, ಎಡಬದಿಯವು ಅದಕ್ಕಿಂತ ಸಡಿಲ. ಹಬ್ಬಿನ ರಚನೆಯೇ ಹಾಗೆ. ಬಿಗಿ ಸಾಲದಿದ್ದರೆ ಎಂಥ ಬೆಲೆಯ ರಿಮ್ಮೂ ಉಪಯೋಗಕ್ಕಿಲ್ಲ, ಹೊರೆಯ ಅಡಿಯಲ್ಲಿ ಕಡ್ಡಿ ಪೂರ್ತಿ ಸಡಿಲವಾಗಿ ನಿಪ್ಪಲ್ ತಾನೇ ತಿರುಗತೊಡಗುತ್ತದೆ. ಕೊನೆಗೆ ಅಕ್ಕಪಕ್ಕದ ಸಮಾಂತರ ಕಡ್ಡಿಗಳನ್ನು ಜೋಡಿಜೋಡಿಯಾಗಿ ಮುಷ್ಟಿಯಲ್ಲಿ ಬಲವಾಗಿ ಹಿಸುಕಿ, ಮತ್ತೊಮ್ಮೆ ಬೆಂಡು ತೆಗೆದೆ.

ಮೊದಲ ಸವಾರಿಯ ನಂತರ ಒಂದೊಂದೇ ಕಡ್ಡಿಯನ್ನು ಬೆರಳಿನಿಂದ ಮೀಟಿ, ಸದ್ದು ಇಳಿದದ್ದನ್ನು ಬಿಗಿ ಮಾಡಿದೆ. ಆಮೇಲೆ ಕೀಲಿಗೆ ಹೆಚ್ಚು ಕೆಲಸ ಬಂದಿಲ್ಲ. ಮೂರು ಅಳತೆಯ ಬಿಡಿ ಕಡ್ಡಿಗಳು ಫ್ರೇಮಿಗೆ ಟೇಪು ಸುತ್ತಿಕೊಂಡು ಬರುತ್ತವೆ. ಮುರಿಯುವ ಕಡ್ಡಿ ಸಾಮಾನ್ಯವಾಗಿ ಗಿಯರಿನ ಬದಿಯದೇ ಆಗಿರುತ್ತದೆ, ಕ್ಯಾಸೆಟ್ (ಹಿಂದಿನ ಹಲ್ಲುಗಾಲಿಗಳ ಗೊಂಚಲು) ಕಳಚದೆ ಹೊಸದನ್ನು ತೂರಿಸಲಾಗುವುದಿಲ್ಲ. ಕ್ಯಾಸೆಟ್ ಬಿಚ್ಚುವ ಸಾಧನ ಘಟ್ಟದ ಕೆಳಗೆ ನಾನು ಕೇಳಿದ ಯಾವ ಅಂಗಡಿಯಲ್ಲೂ ಸಿಗಲಿಲ್ಲ, ಹಾಗಾಗಿ ಅದನ್ನೂ ಚೀಲದಲ್ಲಿ ಒಯ್ಯುತ್ತೇನೆ.