ಹಂಡೆ ಒಲೆಯ ಹೊಗೆ ಮತ್ತು ನಮ್ಮ ಮಾಕ್ಯುಮೆಂಟರಿ: ನನ್ನ ಅನುಭವ

ನಮ್ಮ ಮಾಕ್ಯುಮೆಂಟರಿಯ ಆರು ಕಂತು ಮುಗಿಯಿತು. ಮಾಕ್ಯುಮೆಂಟರಿ ಅಂದರೆ ಸಾಕ್ಷ್ಯಚಿತ್ರದ ವೇಷ ಹಾಕಿದ ಹಾಸ್ಯ, ಕಥೆ ಮಾತ್ರ ಕಟ್ಟಿದ್ದು. ಕೊಡಗಿನ ಸೋಮವಾರಪೇಟೆ ಕಡೆಯ ಒಂದು ಹೋಂಸ್ಟೇ, ಅದರ ಮಾಲೀಕ, ಅಡುಗೆ ಅಕ್ಕ, ಜೀಪ್ ಡ್ರೈವರ್. ಇಷ್ಟೇ ಜನ. "ಮಾಕ್ಯುಮೆಂಟರಿ ಎಲ್ಲ ನಮ್ಮೋರಿಗೆ ಅರ್ಥ ಆಗಲ್ಲ" ಅಂದವರು ಒಬ್ಬಿಬ್ಬರಲ್ಲ. ಅರ್ಥ ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ನಾನು ಮಾಡಿ ನೋಡಿದ್ದೇನೆ.

ಮೊದಲ ಪೈಲಟ್‌ಗೆ, ಅಂದರೆ ಮಾದರಿ ಕಂತಿಗೆ, ಸುಮಾರು 80 ಸಾವಿರ ಹೋಯಿತು. ಒಂದು ಪೈಸೆಯೂ ಕೆಲಸಕ್ಕೆ ಬರಲಿಲ್ಲ. ಪ್ರತಿ ಶಾಟ್‌ಗೂ ಲೈಟ್ ಕಟ್ಟಿದ್ದೆ, ಟ್ರೈಪಾಡ್ ಇಟ್ಟಿದ್ದೆ. ಬಾಗಿಲು ತೆರೆಯುವ ಮೊದಲೇ ಕ್ಯಾಮೆರಾ ಬಾಗಿಲ ಕಡೆ ತಿರುಗಿ ನಿಂತಿರುತ್ತಿತ್ತು. ಯಾರು ಬರುತ್ತಾರೆ ಅಂತ ಅದಕ್ಕೆ ಮೊದಲೇ ಗೊತ್ತಿದ್ದರೆ ಸಾಕ್ಷ್ಯಚಿತ್ರ ಅಂತ ಯಾರು ನಂಬುತ್ತಾರೆ? ಇದು ತಲೆಗೆ ಹೋಗಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಎರಡನೇ ಸಲ ಕ್ಯಾಮೆರಾ ಹುಡುಗನಿಗೆ ಸ್ಕ್ರಿಪ್ಟ್ ಕೊಡುವುದನ್ನೇ ನಿಲ್ಲಿಸಿದೆ. ಮಾತು ಎಲ್ಲಿಂದ ಬಂತೋ ಅಲ್ಲಿಗೆ ಅವನು ಹುಡುಕಿಕೊಂಡು ತಿರುಗಬೇಕು. ಜೂಮ್ ಸ್ವಲ್ಪ ತಡವಾಗಬೇಕು. ಆ ತಡದಲ್ಲೇ ನಗು ಇದೆ.

ಮಾತಿನ ವಿಷಯದಲ್ಲೂ ಏಟು ತಿಂದೆ. 1984ರ 'ದಿಸ್ ಈಸ್ ಸ್ಪೈನಲ್ ಟ್ಯಾಪ್' ಅನ್ನುವ ಇಂಗ್ಲಿಷ್ ಮಾಕ್ಯುಮೆಂಟರಿ ಸಿನಿಮಾದಲ್ಲಿ ಹೆಚ್ಚಿನ ಮಾತು ನಟರು ಸೆಟ್‌ನಲ್ಲೇ ಕಟ್ಟಿಕೊಂಡದ್ದು. ನಾವೂ ಹಾಗೇ ಮಾಡೋಣ ಅಂತ ಹೊರಟೆ. ಎರಡು ದಿನಕ್ಕೆ ಹನ್ನೊಂದು ಗಂಟೆ ಫುಟೇಜ್ ಆಯಿತು. ಬಳಸಲು ಸಿಕ್ಕಿದ್ದು ನಾಲ್ಕು ನಿಮಿಷ. ಇದೇ ಬಗೆಯ ಟಿವಿ ಸರಣಿ, ಬಿಬಿಸಿಯ 'ದಿ ಆಫೀಸ್', ಬಂದದ್ದು 2001ರಲ್ಲಿ. ಅದರ ಮಾತು ಆಗಲೇ ಬಾಯಿಗೆ ಬಂದ ಹಾಗೆ ಕೇಳಿಸುತ್ತದೆ, ಆದರೆ ಬಹುಪಾಲು ಬರೆದದ್ದೇ. ಆಮೇಲೆ ನಾನೂ ತೊದಲುವಿಕೆ ಸಮೇತ ಬರೆಯಲು ಕೂತೆ. ನಟನೆ ಗೊತ್ತಿಲ್ಲದವರಿಂದ ಆ ತೊದಲು ಹೇಗೆ ತೆಗೆಸುತ್ತೇನೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಅದು ನನ್ನ ಹತ್ತಿರವೇ ಇರಲಿ.

ಮಾಕ್ಯುಮೆಂಟರಿ ಕೊಡಗಿಗೆ ಹೇಳಿ ಮಾಡಿಸಿದ ಹಾಗಿದೆ. ವಾರಾಂತ್ಯ ಬಂತೆಂದರೆ ಯಾರಾದರೂ ಕ್ಯಾಮೆರಾ ಹಿಡಿದುಕೊಂಡು ಹೋಂಸ್ಟೇಗೆ ಬರುತ್ತಾರೆ, ಮಾಲೀಕರನ್ನು ಮಾತಾಡಿಸುತ್ತಾರೆ. ಹಾಗಾಗಿ ಕ್ಯಾಮೆರಾ ಅಲ್ಲಿ ಯಾಕಿದೆ ಅಂತ ಯಾರೂ ಕೇಳಲ್ಲ. ಕ್ಯಾಮೆರಾ ಎದುರು ಮನುಷ್ಯ ತನ್ನನ್ನು ಸ್ವಲ್ಪ ದೊಡ್ಡದಾಗಿ ತೋರಿಸಿಕೊಳ್ಳುತ್ತಾನೆ. ನಮ್ಮ ಕಥೆ ನಿಂತಿರುವುದೇ ಅದರ ಮೇಲೆ.

ಎರಡನೇ ಕಂತಿನ ಒಂದು ಶಾಟ್ ಹೇಳುತ್ತೇನೆ. ಮಾಲೀಕರ ಪಾತ್ರಕ್ಕೆ ನಮ್ಮ ಚಿಕ್ಕಪ್ಪನೇ. ಜಗಲಿಯಲ್ಲಿ ಕೂತು, ಇಸ್ತ್ರಿ ಶರ್ಟಿನ ಕಾಲರ್ ಸರಿ ಮಾಡಿಕೊಂಡು, "ನಮ್ಮಲ್ಲಿ 24 ಗಂಟೆ ಬಿಸಿನೀರು" ಅನ್ನುತ್ತಾರೆ. ಅವರ ಭುಜದ ಹಿಂದೆ, ಬಚ್ಚಲ ಬಾಗಿಲಲ್ಲಿ, ಅಕ್ಕ ಹಸಿ ಸೌದೆ ಇಟ್ಟು ಹಂಡೆ ಒಲೆ ಊದುತ್ತಿದ್ದಾರೆ. ಹೊಗೆ ಮೆಲ್ಲಗೆ ಜಗಲಿಗೆ ಬರುತ್ತದೆ. ಚಿಕ್ಕಪ್ಪನ ಕಣ್ಣಲ್ಲಿ ನೀರು. ಮಾತು ಮಾತ್ರ ನಿಲ್ಲಿಸಲ್ಲ. ಕೊನೆಗೊಮ್ಮೆ ಕ್ಯಾಮೆರಾ ನೋಡುತ್ತಾರೆ, ಅಷ್ಟೇ. ಇಡೀ ಕಂತಿಗೆ ಅಂಥ ನೋಟ ಮೂರೇ ಇಟ್ಟಿದ್ದೇನೆ. ಜಾಸ್ತಿಯಾದರೆ ಬೆಲೆ ಹೋಗುತ್ತದೆ.

ಬೆಂಗಳೂರಿನ ಒಂದು ಸ್ಟುಡಿಯೋಗೆ ಇದನ್ನೇ ತೋರಿಸಿದ್ದೆ. ಹಿನ್ನೆಲೆಗೆ ಡೊಂಯ್ ಅಂತ ಒಂದು ಶಬ್ದ ಹಾಕಿ, ಇಲ್ಲಾಂದ್ರೆ ಜನ ನಗಲ್ಲ ಅಂದರು. ಹಾಕಿ ನೋಡಿದೆ. ಶಾಟ್ ಸತ್ತೇ ಹೋಯಿತು. ತೆಗೆದುಬಿಟ್ಟೆ.

ಮಳೆ ತಿಂದ ದುಡ್ಡಿನ ಲೆಕ್ಕ ಬೇರೆ. ಜುಲೈಯಲ್ಲಿ ಶೂಟಿಂಗ್ ಇಟ್ಟದ್ದು ದೊಡ್ಡ ತಪ್ಪು. ಶೀಟಿನ ಮೇಲೆ ಬೀಳುವ ಮಳೆ ಸದ್ದಿಗೆ ಕಾಲರ್ ಮೈಕಿನ ಮಾತೆಲ್ಲ ಮುಳುಗಿತು. ಎರಡು ದಿನದ ಕೆಲಸ ಹೋಯಿತು, ಹದಿನೆಂಟು ಸಾವಿರವೋ ಏನೋ. ಅದೇ ತಿಂಗಳು ಜೂಮ್ ಲೆನ್ಸ್ ಒಳಗೆ ಬೂಸ್ಟು ಬಂತು, ಜೇಡರ ಬಲೆಯಂತೆ ಸಣ್ಣ ಬಿಳಿ ಎಳೆ. ಕ್ಲೀನ್ ಮಾಡಿಸಲು ನಾಲ್ಕು ಸಾವಿರ. ಈಗ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಕರಿಮೆಣಸು ಕೊಯ್ಯುವವರನ್ನು ಏಣಿ ಮೇಲೆಯೇ ನಿಲ್ಲಿಸಿ ಸಂದರ್ಶನ. ಮೇಲಿನಿಂದ ಮಾತು ಬರುತ್ತದೆ, ಫ್ರೇಮಿನಲ್ಲಿ ಬರೀ ಕಾಲು ಮತ್ತು ಬೀಳುವ ಮೆಣಸಿನ ಗೊಂಚಲು. ಕಥೆಗೆ ಹೊಂದಲಿಲ್ಲ, ಆದರೆ ನನಗೆ ಇವತ್ತಿಗೂ ಇಷ್ಟ. ಎಲ್ಲಾದರೂ ಬಳಸುತ್ತೇನೆ.

ಆರು ಕಂತಿಗೆ ಒಟ್ಟು ಎರಡೂವರೆ ಲಕ್ಷದ ಆಸುಪಾಸು, ಪೈಲಟ್ ಬಿಟ್ಟು. ಊಟವೇ ಮೂವತ್ತು ಸಾವಿರ ದಾಟಿತ್ತು.

ಕಾಫಿ ಕೊಯ್ಲು ಮುಗಿದ ಮೇಲೆ ಮನೆ ಮುಂದಿನ ಕಣದಲ್ಲಿ ಬಿಳಿ ಪಂಚೆಯನ್ನೇ ಪರದೆಯಾಗಿ ಕಟ್ಟಿ ಮೊದಲ ಎರಡು ಕಂತು ಹಾಕಿದೆವು. ಐವತ್ತು ಅರವತ್ತು ಜನ ಇದ್ದರು. ಶುರುವಿನಲ್ಲಿ ಪಕ್ಕದ ಮನೆಯ ಅಜ್ಜ, "ಏನ್ ಮಾರಾಯ, ಕ್ಯಾಮೆರಾ ಯಾಕೆ ಹೀಗೆ ನಡುಗ್ತದೆ?" ಅಂದರು. ನಾನು ಉತ್ತರ ಕೊಡಲಿಲ್ಲ. ಹೊಗೆ ಶಾಟ್ ಬಂತು. ಮೂರು ಸೆಕೆಂಡ್ ಸದ್ದೇ ಇಲ್ಲ. ಆಮೇಲೆ ಹಿಂದಿನ ಸಾಲಿನ ಹೆಂಗಸರಿಂದ ನಗು ಶುರುವಾಗಿ ಇಡೀ ಕಣ ನಕ್ಕಿತು. ಅಜ್ಜ ನನ್ನ ಕಡೆ ತಿರುಗಿ, "ಅದನ್ನ ಇನ್ನೊಂದ್ಸಲ ಹಾಕು" ಅಂದರು.