ಮಗು ದಿನಾ ಗೊರಕೆ ಹೊಡೆಯುತ್ತಿದೆಯಾ? ಮೊದಲು ವಿಡಿಯೊ ಮಾಡಿಕೊಳ್ಳಿ

ನಾಲ್ಕು ವರ್ಷದ ಮಗು ತಾತನ ಹಾಗೆ ಗೊರಕೆ ಹೊಡೆದರೆ ಮನೆಯವರೆಲ್ಲ ನಗುತ್ತಾರೆ, 'ಆಡಿ ಆಡಿ ಸುಸ್ತಾಗಿದೆ, ಎಷ್ಟು ಚೆನ್ನಾಗಿ ನಿದ್ದೆ ಮಾಡ್ತಿದೆ ನೋಡು' ಅಂತಾರೆ. ನೆಗಡಿಯಾದಾಗ ನಾಲ್ಕು ದಿನ ಬಂದರೆ ಸರಿ. ನೆಗಡಿ ಹೋದ ಮೇಲೂ ದಿನಾ ಬರುತ್ತಿದ್ದರೆ ಮೂಗಿನ ಹಿಂದೆ ಅಡಿನಾಯ್ಡ್ ಊದಿಕೊಂಡು ಉಸಿರಿನ ದಾರಿ ಕಟ್ಟಿರಬಹುದು.

ಅಡಿನಾಯ್ಡ್ ಅಂದರೆ ಟಾನ್ಸಿಲ್‌ಗೆ ತಮ್ಮ ಇದ್ದ ಹಾಗೆ. ಕಿರುನಾಲಿಗೆಯ ಹಿಂದೆ, ಮೇಲುಗಡೆ ಅಡಗಿ ಕೂತಿರುತ್ತದೆ, ಟಾರ್ಚ್ ಬಿಟ್ಟು ನೋಡಿದರೂ ಕಾಣುವುದಿಲ್ಲ. ಎಲ್ಲ ಮಕ್ಕಳಿಗೂ ಇರುತ್ತದೆ. ಸುಮಾರು 3ರಿಂದ 7ನೇ ವರ್ಷದವರೆಗೆ ದೊಡ್ಡದಾಗಿದ್ದು ಆಮೇಲೆ ತಾನಾಗಿ ಕುಗ್ಗುತ್ತದೆ.

ಮೊದಲ ಕೆಲಸ, ವಿಡಿಯೊ. ಡಾಕ್ಟರ ಮುಂದೆ ಮಗು ಗೊರಕೆ ಹೊಡೆಯುವುದಿಲ್ಲ, ಅಲ್ವಾ? ಮಲಗಿ ಎರಡು ಗಂಟೆ ಆದ ಮೇಲೆ ಒಮ್ಮೆ, ಬೆಳಗಿನ ಜಾವ ಇನ್ನೊಮ್ಮೆ, ಹೊದಿಕೆ ಸರಿಸಿ, ಫ್ಯಾನ್ ಆರಿಸಿ, ಮುಖ ಮತ್ತು ಎದೆ ಎರಡೂ ಕಾಣುವ ಹಾಗೆ ಒಂದೆರಡು ನಿಮಿಷ ತೆಗೆಯಿರಿ. ಗೊರಕೆ ಫಕ್ಕನೆ ನಿಂತು, ಉಸಿರೇ ಇಲ್ಲದ ಹಾಗಾಗಿ, ಮತ್ತೆ ಬೆಚ್ಚಿಬಿದ್ದಂತೆ ಎಳೆದುಕೊಳ್ಳುತ್ತದೆಯಾ ನೋಡಿ. ಹಾಗಿದ್ದರೆ ತಡ ಮಾಡಬೇಡಿ. ತುಟಿ ನೀಲಿಯಾದರೆ ಆಗಲೇ ಆಸ್ಪತ್ರೆಗೆ ಓಡಿ.

ಹಗಲು ಹೊತ್ತು ಗಮನಿಸಬೇಕಾದ್ದೂ ಇದೆ. ಸದಾ ಬಾಯಿ ತೆರೆದಿರುವುದು, ಮೂಗು ಕಟ್ಟಿದ ದನಿ, ಟಿವಿ ಸೌಂಡ್ ಜಾಸ್ತಿ ಮಾಡುವುದು. ಕಿವಿಗೂ ಇದಕ್ಕೂ ಏನು ಸಂಬಂಧ ಅನ್ನಬೇಡಿ, ಅಡಿನಾಯ್ಡ್ ಊದಿದರೆ ಕಿವಿಗೆ ಗಾಳಿ ಹೋಗುವ ನಳಿಕೆ ಮುಚ್ಚಿ ಒಳಗೆ ನೀರು ನಿಲ್ಲುತ್ತದೆ. 'ಕರೆದರೆ ತಿರುಗಲ್ಲ, ಬರೀ ಮೊಂಡು' ಅಂತ ಬೈಸಿಕೊಳ್ಳುವ ಮಗುವಿಗೆ ನಿಜಕ್ಕೂ ಸರಿಯಾಗಿ ಕೇಳಿಸದೇ ಇರಬಹುದು. ಒಂದೇ ಹೊಳ್ಳೆಯಲ್ಲಿ ನಾರುವ ಸಿಂಬಳ ಬಂದರೆ ಮಾತ್ರ ಕಥೆ ಬೇರೆ, ಒಳಗೆ ಕಡಲೆಕಾಳೋ ಮಣಿಯೋ ಸಿಕ್ಕಿರಬಹುದು.

ಇಎನ್‌ಟಿ ಡಾಕ್ಟರು ಎಕ್ಸ್-ರೇ ತೆಗೆಸಬಹುದು, ಇಲ್ಲವೇ ತೆಳು ಕ್ಯಾಮೆರಾ ಬಿಟ್ಟು ನೋಡಬಹುದು. ತೊಂದರೆ ತೀರಾ ಹೆಚ್ಚಿಲ್ಲದಿದ್ದರೆ ಸಾಮಾನ್ಯವಾಗಿ ಮೊದಲು ಸ್ಟೀರಾಯ್ಡ್ ಸ್ಪ್ರೇ ಕೊಡುತ್ತಾರೆ. ಹೆಸರು ಕೇಳಿ ಹೆದರಬೇಡಿ, ಮೈಗೆ ಸೇರುವುದು ತೀರಾ ಕಡಿಮೆ. ಆದರೆ ಹಾಕುವ ರೀತಿಯಲ್ಲೇ ಬಹಳ ಜನ ತಪ್ಪುತ್ತಾರೆ. ಮೊದಲು ಉಪ್ಪುನೀರಿನ ಸ್ಪ್ರೇ ಹಾಕಿ ಸಿಂಬಳ ತೆಗೆಸಿ, ತಲೆ ಸ್ವಲ್ಪ ಮುಂದೆ ಬಾಗಿಸಿ, ತುದಿಯನ್ನು ಮೂಗಿನ ನಡುಗೋಡೆಗಲ್ಲ, ಅದೇ ಬದಿಯ ಕಿವಿಯ ಕಡೆಗೆ ತಿರುಗಿಸಿ ಒತ್ತಿ. ಜೋರಾಗಿ ಎಳೆದುಕೊಂಡರೆ ಔಷಧಿ ಹೊಟ್ಟೆಗೆ ಹೋಗುತ್ತದೆ, ಅಷ್ಟೇ. ಕೆಲವು ವಾರ ದಿನಾ ಹಾಕಬೇಕು, ಎರಡು ದಿನಕ್ಕೆ ಗುಣ ಕಾಣಲಿಲ್ಲ ಅಂತ ಬಿಟ್ಟರೆ ಪ್ರಯೋಜನವಿಲ್ಲ. ಮೂಗಿಗೆ ಎಣ್ಣೆ ಬಿಡುವ ಅಭ್ಯಾಸ ಮಾತ್ರ ಬೇಡವೇ ಬೇಡ, ಶ್ವಾಸಕೋಶಕ್ಕೆ ಇಳಿಯಬಹುದು.

ಅದಕ್ಕೂ ಬಗ್ಗದಿದ್ದರೆ, ಉಸಿರು ನಿಲ್ಲುತ್ತಿದ್ದರೆ, ಆಪರೇಷನ್. ಅರಿವಳಿಕೆ ಕೊಟ್ಟು ಬಾಯಿಯ ಮೂಲಕವೇ ತೆಗೆಯುತ್ತಾರೆ, ಹೊರಗೆ ಗಾಯ ಇಲ್ಲ, ಹೊಲಿಗೆ ಇಲ್ಲ. ಹೆಚ್ಚಿನ ಮಕ್ಕಳು ಅವತ್ತೋ ಮರುದಿನವೋ ಮನೆಗೆ ಬರುತ್ತಾರೆ. ಕೆಲವು ದಿನ ಬಾಯಿ ವಾಸನೆ ಇರುತ್ತದೆ, ಮೊಸರನ್ನ, ತಣ್ಣಗಾದ ಗಂಜಿ ಕೊಡಿ, ಚಕ್ಕುಲಿ ನಿಪ್ಪಟ್ಟು ಡಬ್ಬಿ ಮೇಲಿಟ್ಟುಬಿಡಿ. ಬಾಯಲ್ಲೋ ಮೂಗಲ್ಲೋ ಕೆಂಪು ರಕ್ತ ಕಂಡರೆ ಬೆಳಗಾಗಲಿ ಅಂತ ಕಾಯದೆ, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.